ಸರಪಳಿ ತುಂಡಾದ ರಾತ್ರಿ

2024ರ ಆಗಸ್ಟ್ 10, ಶನಿವಾರ. ನಾಗರಪಂಚಮಿ ಹಿಂದಿನ ದಿನವಷ್ಟೇ ಮುಗಿದಿತ್ತು. ಹೊಸಪೇಟೆಯ ಮನೆಗಳಲ್ಲಿ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿಗಳು ಇನ್ನೂ ಬರಿದಾಗಿರಲಿಲ್ಲ. ತುಂಗಭದ್ರಾ ಡ್ಯಾಂ ಭರ್ತಿಯಾಗಿತ್ತು. 2023ರಲ್ಲಿ ಮಳೆ ಕೈಕೊಟ್ಟು, ಜಲಾಶಯ ತುಂಬದೆ, ಎರಡನೇ ಬೆಳೆಗೆ ಹನಿ ನೀರು ಸಿಗದೆ ಇಡೀ ಸೀಮೆ ಒಣಗಿ ಕೂತಿತ್ತು. ಅಂಥ ವರ್ಷದ ಬೆನ್ನಿಗೇ ಬಂದ ಭರ್ತಿ ಇದು. ಕಂಪ್ಲಿ, ಗಂಗಾವತಿ, ಸಿಂಧನೂರಿನ ಗದ್ದೆಗಳಿಗೆ ಕಾಲುವೆ ನೀರು ಹರಿದಿತ್ತು, ಭತ್ತದ ನಾಟಿ ಭರದಿಂದ ಸಾಗಿತ್ತು. ಸಾಲ ಮಾಡಿ ಬೀಜ, ಗೊಬ್ಬರ ತಂದವರು ಆ ವಾರ ನೆಮ್ಮದಿಯಿಂದ ಮಲಗಿದ್ದರು.

ರಾತ್ರಿ ಹನ್ನೊಂದರ ಸುಮಾರಿಗೆ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಯಿತು.

ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಗೇಟು. ಹತ್ತಾರು ಟನ್ ತೂಕ. ಎಪ್ಪತ್ತು ವರ್ಷದಿಂದ ನೀರಿಗೆ ಎದೆಕೊಟ್ಟು ನಿಂತಿದ್ದ ಆ ಗೇಟು ಅರೆಗಳಿಗೆಯಲ್ಲಿ ಕೊಚ್ಚಿಹೋಯಿತು. ಅದು ನಿಂತಿದ್ದ ಜಾಗದಲ್ಲಿ ಈಗ ಇದ್ದದ್ದು ನೀರು ಮಾತ್ರ. ಸೆಕೆಂಡಿಗೆ 35 ಸಾವಿರ ಘನ ಅಡಿ, ತಡೆಯೇ ಇಲ್ಲದೆ.

ಮಧ್ಯರಾತ್ರಿ ಫೋನುಗಳು ಮೊಳಗತೊಡಗಿದವು. ಹೊಸಪೇಟೆಯಿಂದ ಕಂಪ್ಲಿಗೆ, ಕಂಪ್ಲಿಯಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಆಚೆ ಆಂಧ್ರದ ಊರುಗಳಿಗೆ ಒಂದೇ ಸುದ್ದಿ: ಡ್ಯಾಮಿನ ಗೇಟ್ ಹೋತಂತೆ. ನಿದ್ದೆಗಣ್ಣಲ್ಲಿ ಕೇಳಿದವರಿಗೆ ಅದು ಡ್ಯಾಮೇ ಹೋತಂತೆ ಎಂದು ಕೇಳಿಸಿದ್ದರೆ ತಪ್ಪಿಲ್ಲ.

ಡ್ಯಾಮಿನ ಮೇಲಿದ್ದ ಎಂಜಿನಿಯರುಗಳಿಗೆ ಯೋಚಿಸಲು ಪುರುಸೊತ್ತಿರಲಿಲ್ಲ. ತುಂಗಭದ್ರಾ ಅಣೆಕಟ್ಟಿಗೆ ಇರುವುದು 33 ಗೇಟು. ಒಂದು ಹೋದಾಗ ಉಳಿದವನ್ನು ಬಿಗಿಯಾಗಿ ಮುಚ್ಚಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅವರು ಮಾಡಿದ್ದು ತದ್ವಿರುದ್ಧ. ಉಳಿದ ಗೇಟುಗಳನ್ನೂ ಎತ್ತಿದರು. ಹೊರಹರಿವು ಒಂದು ಲಕ್ಷ ಕ್ಯೂಸೆಕ್, ಎಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಮುಟ್ಟಿತು. ಒಂದೇ ಕಂಡಿಯಲ್ಲಿ ನುಗ್ಗುವ ನೀರಿನ ರಭಸ ಇಳಿಯಬೇಕಾದರೆ ಜಲಾಶಯದ ಮಟ್ಟ ಇಳಿಯಬೇಕು, ಮಟ್ಟ ಇಳಿಯಬೇಕಾದರೆ ನೀರು ಹೋಗಬೇಕು. ಒಂದು ವರ್ಷ ಕಾದು ತುಂಬಿಸಿಕೊಂಡ ನೀರನ್ನು ತಮ್ಮ ಕೈಯಾರೆ ಹೊಳೆಗೆ ಬಿಡುವ ಆದೇಶ ಕೊಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ಆ ರಾತ್ರಿ ಅದನ್ನು ಮಾಡಿದವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಈ ಅಣೆಕಟ್ಟಿನ ವಯಸ್ಸನ್ನು ನೆನಪಿಡಬೇಕು. ದೇಶ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, 1945ರ ಫೆಬ್ರವರಿ 28ರಂದು ಇದಕ್ಕೆ ಅಡಿಗಲ್ಲು ಬಿತ್ತು. ಬಲದಂಡೆ ಅಂದಿನ ಮದ್ರಾಸ್ ಪ್ರಾಂತ್ಯದ್ದು, ಎಡದಂಡೆ ಹೈದರಾಬಾದ್ ನಿಜಾಮನದು. ಮದ್ರಾಸಿನ ಎಂಜಿನಿಯರ್ ತಿರುಮಲೆ ಅಯ್ಯಂಗಾರರು ಮುಂದೆ ನಿಂತು ಕಟ್ಟಿಸಿದರು. ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿ ಎಬ್ಬಿಸಿದ ಗೋಡೆ ಅದು. 1953ರಲ್ಲಿ ನೀರು ನಿಂತಿತು. ಗೋಡೆ ಇಂದಿಗೂ ಭದ್ರ. ಆದರೆ ಗೇಟುಗಳ ಅಡಿಯ ಗೋಡೆಯ ನೆತ್ತಿ ಇರುವುದು ಸಮುದ್ರಮಟ್ಟದಿಂದ 1613 ಅಡಿಯಲ್ಲಿ, ತುಂಬಿದ ಜಲಾಶಯದ ಮಟ್ಟ 1633 ಅಡಿ. ನಡುವಿನ ಇಪ್ಪತ್ತು ಅಡಿ ನೀರನ್ನು ಹಿಡಿದಿರುವುದು ಕಲ್ಲಲ್ಲ, ಕಬ್ಬಿಣ. ಆ ಕಬ್ಬಿಣವನ್ನು ಎತ್ತುವುದೂ ಇಳಿಸುವುದೂ ಸರಪಳಿ.

ಚೈನ್ ಲಿಂಕನ್ನು ಹತ್ತಿರದಿಂದ ನೋಡಿದವರಿಗೆ ಅದರ ಸಂಕಟ ಗೊತ್ತು. ಹೊರಮೈಗೆ ಬಣ್ಣ ಬಳಿಯಬಹುದು, ಗ್ರೀಸ್ ಸವರಬಹುದು. ಒಂದು ಕೊಂಡಿ ಇನ್ನೊಂದರೊಳಗೆ ಕೂರುವ ಸಂದಿ ಮಾತ್ರ ಕಣ್ಣಿಗೂ ಕಾಣದು, ಕೈಗೂ ಸಿಗದು. ಹಬೆ, ಹನಿ, ಗಾಳಿ ಸೇರಿ ತುಕ್ಕು ಹುಟ್ಟುವುದು ಅಲ್ಲಿಯೇ. ಪ್ರತಿ ಸಲ ಗೇಟು ಎದ್ದಾಗ ಆ ಸಂದಿ ಒಂದಿಷ್ಟು ಸವೆಯುತ್ತದೆ, ಪ್ರತಿ ಸಲ ಇಳಿದಾಗ ಇನ್ನೊಂದಿಷ್ಟು. ನೂರು ಕೊಂಡಿ ಗಟ್ಟಿಯಿದ್ದು ಒಂದು ಸವೆದಿದ್ದರೆ ಸರಪಳಿಯ ಬಲ ಆ ಒಂದರದ್ದೇ.

ಇಲ್ಲಿಂದ ಬಹುದೂರದ ಒಂದು ಸರಪಳಿಯ ಕಥೆ ಹೇಳಲೇಬೇಕು. ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಮ್ಯಾಗಿಯೋರೆ ಎಂಬ ಸರೋವರವಿದೆ. ಅದರ ದಂಡೆಯ ಅಸ್ಕೋನಾ ಊರಿನಲ್ಲಿ 1930ರ ದಶಕದಲ್ಲಿ ಒಂದು ಬುಗಾಟಿ ಕಾರು ಅನಾಥವಾಗಿ ಉಳಿಯಿತು. 1925ರ ಮಾಡೆಲ್. ಅದರ ಸುಂಕ ಕಟ್ಟಿರಲಿಲ್ಲ. ಸುಂಕದವರು ಕಾರಿಗೆ ಸರಪಳಿ ಬಿಗಿದು ಸರೋವರಕ್ಕೆ ಇಳಿಬಿಟ್ಟರು, ಬೇಕೆಂದಾಗ ಮೇಲೆಳೆಯಬಹುದೆಂಬ ಲೆಕ್ಕದಲ್ಲಿ. ಅಲ್ಲಿನ ಜನ ಹೇಳಿಕೊಂಡು ಬಂದ ಕಥೆ ಇದು. ಸರಪಳಿಗೆ ತುಕ್ಕು ಹಿಡಿಯಿತು, ತುಂಡಾಯಿತು, ಕಾರು 53 ಮೀಟರ್ ಆಳಕ್ಕೆ ಜಾರಿತು. 1967ರಲ್ಲಿ ಮುಳುಗುಗಾರನೊಬ್ಬನ ಕಣ್ಣಿಗೆ ಬಿತ್ತು. ಆಮೇಲೂ ನಾಲ್ಕು ದಶಕ ಕೆಸರಿನಲ್ಲೇ ಒರಗಿ ಮಲಗಿತ್ತು. 2008ರಲ್ಲಿ ಲೊಕಾರ್ನೋದ ಜಾತ್ರೆಯಲ್ಲಿ ದಾಮಿಯಾನೋ ತಮಾಗ್ನಿ ಎಂಬ ತರುಣ ಪುಂಡರ ಹೊಡೆತಕ್ಕೆ ಸತ್ತ. ಅವನ ಹೆಸರಿನಲ್ಲಿ, ಯುವಕರ ಹಿಂಸೆಯ ವಿರುದ್ಧ ಕೆಲಸ ಮಾಡಲು ಒಂದು ಪ್ರತಿಷ್ಠಾನ ಹುಟ್ಟಿತು. ಅದಕ್ಕೆ ದುಡ್ಡು ಕೂಡಿಸಲು ಊರಿನ ಡೈವಿಂಗ್ ಕ್ಲಬ್ಬಿನವರು 2009ರಲ್ಲಿ ಆ ಕಾರನ್ನು ಮೇಲೆತ್ತಿದರು. ಒಂದು ಪಕ್ಕ ತುಕ್ಕು ತಿಂದು ಜಾಲರಿಯಾಗಿತ್ತು, ಕೆಸರಿನಲ್ಲಿ ಹೂತಿದ್ದ ಇನ್ನೊಂದು ಪಕ್ಕ ಸುಮಾರಾಗಿ ಉಳಿದಿತ್ತು. 2010ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 2,60,500 ಯೂರೋಗೆ ಹೋಯಿತು.

ಸರೋವರದ ತಳ ಸೇರಿದ ಕಾರುಗಳೆಲ್ಲ ಹೀಗೆ ಹರಾಜಿಗೆ ಬರುವುದಿಲ್ಲ. ಅಮೆರಿಕದ ಒಕ್ಲಹೋಮಾದಲ್ಲಿ ಫಾಸ್ ಲೇಕ್ ಎಂಬ ಜಲಾಶಯವಿದೆ. 2013ರ ಸೆಪ್ಟೆಂಬರಿನಲ್ಲಿ ಪೊಲೀಸರು ಹೊಸ ಸೋನಾರ್ ಯಂತ್ರವನ್ನು ಪರೀಕ್ಷಿಸಲು ನೀರಿಗಿಳಿಸಿದಾಗ ಎರಡು ಹಳೆಯ ಷೆವರ್ಲೆ ಕಾರುಗಳು ಅಕ್ಕಪಕ್ಕದಲ್ಲೇ ಸಿಕ್ಕವು. ಎರಡೂ ಕಾರುಗಳಲ್ಲಿ ಮೂವರು ಮೂವರಂತೆ ಆರು ಜನರ ಮೂಳೆಗಳಿದ್ದವು. ಒಂದು ತಂಡ 1969ರಲ್ಲಿ, ಮತ್ತೊಂದು 1970ರಲ್ಲಿ ಮನೆಯಿಂದ ಹೊರಟು ಕಾಣೆಯಾಗಿತ್ತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆರು ಮನೆಗಳವರು ಬಾಗಿಲು ನೋಡುತ್ತ ಕೂತಿದ್ದರು. ಕಾರುಗಳು ಇದ್ದದ್ದು ದಂಡೆಗೆ ಹತ್ತಿರದಲ್ಲೇ, ಆಳವಲ್ಲದ ನೀರಿನಲ್ಲಿ.

ನಮ್ಮ ಜಲಾಶಯದ ತಳದಲ್ಲೂ ಒಂದು ಲೋಕವಿದೆ. ಸುಮಾರು 90 ಊರುಗಳು ಈ ಹಿನ್ನೀರಿಗೆ ಹೋದವು. ನಾರಾಯಣದೇವರಕೆರೆ ಎಂಬ ಊರಿಗೆ ಊರೇ ಎದ್ದು ಮರಿಯಮ್ಮನಹಳ್ಳಿಗೆ ಬಂತು, ದೇವರನ್ನೂ ಜೊತೆಗೆ ಕರೆತಂದಿತು. ಕೃಷ್ಣದೇವರಾಯನ ಕಾಲದ, 1521ರ ವಲ್ಲಭಾಪುರದ ಅಣೆಕಟ್ಟು ಕೂಡ ನೀರಿನಡಿ ಹೋಯಿತು. ಎಲ್ಲದರ ಮೇಲೆ ಹೂಳು. ಕಟ್ಟಿದಾಗ 133 ಟಿಎಂಸಿಯಷ್ಟು ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105.788 ಟಿಎಂಸಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಂಥ 27 ಟಿಎಂಸಿ ಜಾಗದಲ್ಲಿ ಮಲೆನಾಡಿನ ಮಣ್ಣು ಬಂದು ಕೂತಿದೆ.

ಆಗಸ್ಟ್ 11ರ ಬೆಳಕು ಹರಿದಾಗ ಡ್ಯಾಮಿನಿಂದ ಹಂಪಿಯವರೆಗೂ ಹೊಳೆ ಕೆಂಪಾಗಿ ಉಬ್ಬಿತ್ತು. ಹೊರಹರಿವು ಲಕ್ಷದ ಗಡಿ ತಲುಪಿತೆಂದರೆ ಹಂಪಿಯವರು ಕಣ್ಣು ಹಾಯಿಸುವುದು ಪುರಂದರ ಮಂಟಪದ ಕಡೆಗೆ. ಮೊದಲು ಮಂಟಪದ ಕಟ್ಟೆ ಮುಳುಗುತ್ತದೆ, ಆಮೇಲೆ ಕಂಬಗಳ ನಡು, ಕೊನೆಗೆ ನೆತ್ತಿಯ ಚಪ್ಪಡಿ ಮಾತ್ರ. ತಳವಾರಘಟ್ಟದಲ್ಲಿ ಹರಿಗೋಲುಗಳನ್ನು ದಡಕ್ಕೆಳೆದು ಬೋರಲು ಹಾಕುತ್ತಾರೆ. ಬಿದಿರಿನ ಸೀಳುಗಳನ್ನು ಹೆಣೆದು, ಅಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಈ ದುಂಡು ದೋಣಿ ಶಾಂತ ಹೊಳೆಯಲ್ಲಿ ಹತ್ತು ಮಂದಿಯನ್ನು ಸಲೀಸಾಗಿ ದಾಟಿಸುತ್ತದೆ. ಉಕ್ಕಿದ ಹೊಳೆಯಲ್ಲಿ ಬಂಡೆಗೆ ತಾಗಿತೆಂದರೆ ಮುಗಿಯಿತು.

ಅಂಥ ಹೊಳೆ ಏನು ಮಾಡಬಲ್ಲದೆಂದು ಈ ಕಡೆಯವರು ಐದು ವರ್ಷ ಹಿಂದೆ ಕಣ್ಣಾರೆ ಕಂಡಿದ್ದರು. 2019ರ ಆಗಸ್ಟಿನಲ್ಲಿ ಡ್ಯಾಮಿನಿಂದ ಎರಡು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಹಂಪಿಯ ಆಚೆ ದಂಡೆಯ ವಿರುಪಾಪುರಗಡ್ಡೆ ನಡುಗಡ್ಡೆಯಾಯಿತು. ನೂರಾರು ಪ್ರವಾಸಿಗರು, ಅವರಲ್ಲಿ ವಿದೇಶದವರೂ ಇದ್ದರು, ಅಲ್ಲಿ ಸಿಕ್ಕಿಬಿದ್ದರು. ಕರೆತರಲು ಹೋದ ರಕ್ಷಣಾ ಸಿಬ್ಬಂದಿಯ ಬೋಟೇ 12ರಂದು ಸುಳಿಗೆ ಸಿಕ್ಕು ಮಗುಚಿತು. ಬದುಕಿಸಲು ಬಂದವರು ತಾವೇ ಪ್ರವಾಹಕ್ಕೆ ಸಿಕ್ಕರು. ದಂಡೆಯಲ್ಲಿ ನಿಂತವರ ಉಸಿರು ನಿಂತುಹೋಯಿತು. ಹೆಲಿಕಾಪ್ಟರ್ ಬಂತು, ಅವರನ್ನೂ ಪ್ರವಾಸಿಗರನ್ನೂ ಜೀವಸಹಿತ ದಡ ಸೇರಿಸಿತು.

ಕಂಪ್ಲಿಯದು ಬೇರೆಯೇ ಪಾಡು. ಗಂಡುಗಲಿ ಕುಮಾರರಾಮನ ಈ ಊರಿನ ಕೋಟೆ ಹೊಳೆಯ ಅಂಚಿಗೇ ಇದೆ, ಕೋಟೆಯ ಬದಿಯಲ್ಲಿ ಮೀನುಗಾರರ ಮನೆಗಳಿವೆ. ನೀರು ಏರಿತೆಂದರೆ ಬಲೆ, ಪಾತ್ರೆ, ಮಕ್ಕಳು, ಮೇಕೆ ಎಲ್ಲವನ್ನೂ ಎತ್ತಿಕೊಂಡು ಮೇಲೆ ಬರಬೇಕು. ಗಂಗಾವತಿಗೆ ಹೋಗುವ ಸೇತುವೆ ಮುಳುಗಿದರೆ ಎರಡೂ ದಂಡೆಯವರು ಬಹಳ ದೂರ ಸುತ್ತಬೇಕು. ಆದರೂ ಆ ಭಾನುವಾರ ಕಂಪ್ಲಿಯವರಿಗೆ ಎದೆ ಒಡೆದದ್ದು ನೀರು ಬಂತೆಂದಲ್ಲ, ನೀರು ಹೋಗುತ್ತಿದೆಯೆಂದು. 35 ಸಾವಿರ ಕ್ಯೂಸೆಕ್ ಎಂದರೆ ದಿನಕ್ಕೆ ಮೂರು ಟಿಎಂಸಿ, ಅದೂ ಒಂದೇ ಗೇಟಿನಿಂದ. ಒಂದು ಲಕ್ಷ ಎಂದರೆ ಎಂಟೂವರೆಗೂ ಮೇಲೆ. ನಾಟಿ ಮಾಡಿದ ಗದ್ದೆಯ ಬದುವಿನ ಮೇಲೆ ಕೂತ ರೈತ ಮೊಬೈಲಿನಲ್ಲಿ ಆ ಅಂಕಿಗಳನ್ನು ನೋಡುತ್ತಿದ್ದ. ಭತ್ತ ತೆನೆಗಟ್ಟಿ ಕೊಯ್ಲಿಗೆ ಬರುವುದು ನವೆಂಬರಿನಲ್ಲಿ. ಅಲ್ಲಿಯವರೆಗೆ ಕಾಲುವೆಯಲ್ಲಿ ನೀರಿರಬೇಕು.

ಮೊದಲ ಲೆಕ್ಕಾಚಾರ ಭಯ ಹುಟ್ಟಿಸುವಂಥದ್ದು. ಗೇಟು ಕೂರುವ ನೆತ್ತಿ 1613 ಅಡಿ. ನೀರು ಅಲ್ಲಿಗಿಂತ ಕೆಳಗಿಳಿದರೆ ಮಾತ್ರ ಒಣ ಕಲ್ಲಿನ ಮೇಲೆ ನಿಂತು ಹೊಸ ಗೇಟು ಕೂರಿಸಬಹುದು. ಅಷ್ಟಾಗಬೇಕಾದರೆ 60 ಟಿಎಂಸಿಯಷ್ಟು ನೀರು ಹೊರಬಿಡಬೇಕು. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ಬೆಳೆ ಅದರ ಜೊತೆ ಹೋಗುತ್ತದೆ.

ಆಗ ಬಂದವರು ಕನ್ನಯ್ಯ ನಾಯ್ಡು. ಎಂಬತ್ತರ ಹೊಸ್ತಿಲಲ್ಲಿದ್ದ ಹಿರಿಯರು, ಆಂಧ್ರ ಸರ್ಕಾರಕ್ಕೆ ಜಲಾಶಯದ ಗೇಟುಗಳ ಬಗ್ಗೆ ಸಲಹೆ ಕೊಡುವವರು. ಹೊಸಪೇಟೆ ಅವರಿಗೆ ಪರಸ್ಥಳವಲ್ಲ. ಇಲ್ಲಿಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ಬಹುಕಾಲ ದುಡಿದವರು. ದೇಶದ ಹಲವು ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ಸರ್ಕಾರಿ ಕಾರ್ಖಾನೆ ಅದು. ಈಗ ಬಾಗಿಲು ಹಾಕಿದೆ. ಗೇಟು ಮಾಡಲು ಬಲ್ಲ ಊರಿನಲ್ಲಿ, ಗೇಟು ಮುರಿದ ದಿನ, ಗೇಟಿನ ಕಾರ್ಖಾನೆ ಇರಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ನಾಯ್ಡು ಅವರು ಮುಂದಿಟ್ಟದ್ದು ಮೈ ಜುಮ್ಮೆನ್ನುವ ಯೋಜನೆ: ನೀರು ಹರಿಯುತ್ತಿರುವಾಗಲೇ ಕಂಡಿ ಮುಚ್ಚುವುದು. ಇಪ್ಪತ್ತು ಅಡಿಯ ಒಂದೇ ಗೇಟಿನ ಬದಲು ತಲಾ ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಳಿಸಿ ಗೋಡೆ ಕಟ್ಟುವುದು. ಇದಕ್ಕೆ ಸ್ಟಾಪ್ ಲಾಗ್ ಎನ್ನುತ್ತಾರೆ, ಒಂದೊಂದು ಪಟ್ಟಿಯೂ ಒಂದು ಎಲಿಮೆಂಟ್. ಹರಿಯುವ ನೀರಿನಲ್ಲಿ, ಅದೂ ತುಂಬಿದ ಜಲಾಶಯದ ಒತ್ತಡದ ಎದುರು ಇದನ್ನು ಮಾಡುವುದು ಸುಮ್ಮನೆ ಮಾತಲ್ಲ. ಒಂದು ಎಲಿಮೆಂಟ್ ಅಡ್ಡಡ್ಡ ಸಿಕ್ಕಿಕೊಂಡರೆ ತೆಗೆಯಲೂ ಆಗದು, ಇಳಿಸಲೂ ಆಗದು. ಕೈತಪ್ಪಿದರೆ ಅದೂ 19ನೇ ಗೇಟಿನ ದಾರಿಯನ್ನೇ ಹಿಡಿಯುತ್ತದೆ.

ಕೆಲಸ ಹಂಚಿಕೆಯಾಯಿತು. ಹೊಸಪೇಟೆಯ ಖಾಸಗಿ ವರ್ಕ್‌ಶಾಪುಗಳು ಕೆಲವು ಎಲಿಮೆಂಟ್ ಹೊತ್ತುಕೊಂಡವು, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಕೆಲವನ್ನು. ಸಂಡೂರಿನ ಗುಡ್ಡಗಳ ಕೆಂಪು ಅದಿರಿಗಾಗಿ ಈ ಸೀಮೆ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಲಾರಿಗಳ ಧೂಳು, ಬೋಳಾದ ಬೆಟ್ಟ, ಕೆಂಪಾದ ಹಳ್ಳ. ಆ ವಾರ ಆ ನೆಲದ ಕುಲುಮೆ ಹೊಳೆಯ ನೆರವಿಗೆ ನಿಂತಿತು. ಹೊಸಪೇಟೆಯ ಸಂಕಲಾಪುರದ ಶೆಡ್ಡುಗಳಲ್ಲಿ ಹಗಲು ರಾತ್ರಿ ವೆಲ್ಡಿಂಗ್ ಕಿಡಿ ಹಾರಿತು. ಅರವತ್ತು ಅಡಿ ಉದ್ದದ ಉಕ್ಕಿನ ಹಾಳೆ, ಅದರ ಬೆನ್ನಿಗೆ ಅಡ್ಡ ತೊಲೆಗಳು, ತೊಲೆಗಳ ನಡುವೆ ಬಿಗಿ ಪಟ್ಟಿಗಳು. ವೆಲ್ಡಿಂಗ್ ಬೇಗ ಆಗಬೇಕು, ಜೊತೆಗೆ ಹಾಳೆ ಕಾದು ಡೊಂಕಾಗಬಾರದು. ಒಂದು ತುದಿ ಬೆರಳಗಲ ಸೊಟ್ಟಗಾದರೂ ಕಂಡಿಯ ಅಕ್ಕಪಕ್ಕದ ಗ್ರೂವಿನೊಳಗೆ ಕೂರುವುದಿಲ್ಲ. ಎಷ್ಟೋ ತಿಂಗಳು ಹಿಡಿಯುವ ಕೆಲಸ ದಿನಗಳಲ್ಲಿ ಮುಗಿಯಿತು. ಉದ್ದನೆಯ ಟ್ರೇಲರ್ ಲಾರಿಗಳ ಮೇಲೆ ಮಲಗಿ ಎಲಿಮೆಂಟುಗಳು ಡ್ಯಾಮಿಗೆ ಬಂದವು.

ಅದೇ ದಿನಗಳಲ್ಲಿ ರಾಜ್ಯದ ಇನ್ನೊಂದು ತುದಿಯಲ್ಲೂ ಜನ ನೀರಿನ ತಳಕ್ಕೆ ಕಣ್ಣು ನೆಟ್ಟು ಕೂತಿದ್ದರು. ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಲಾರಿಯೊಂದು ಚಾಲಕನ ಸಮೇತ ಜಾರಿತ್ತು. ಆಗಸ್ಟ್ 7ರ ನಸುಕಿಗೆ ಮುಂಚೆ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದು ಇನ್ನೊಂದು ಲಾರಿ ಬಿತ್ತು. ಕಾಳಿಗೆ ಬಿದ್ದ ಲಾರಿಯ ಚಾಲಕ ಕ್ಯಾಬಿನ್ನಿನಿಂದ ಹೊರಬಂದು ಲಾರಿಯ ನೆತ್ತಿ ಹತ್ತಿ ಕತ್ತಲಲ್ಲಿ ಕೂಗಿದ. ಮೀನುಗಾರರೂ ಪೊಲೀಸರೂ ಕೂಡಿ ಅವನನ್ನು ಬದುಕಿಸಿದರು. ಗಂಗಾವಳಿಯಲ್ಲಿ ಅಂಥ ಅದೃಷ್ಟವಿರಲಿಲ್ಲ. ಮಲ್ಪೆಯ ಮುಳುಗುಗಾರ ಈಶ್ವರ ಮಲ್ಪೆ ಮಳೆಗಾಲದ ಆ ಕುದಿವ ಹೊಳೆಗೆ ಮತ್ತೆ ಮತ್ತೆ ಧುಮುಕಿದರು. ಒಳಗೆ ಕಣ್ಣು ಬಿಟ್ಟರೆ ಮಣ್ಣುನೀರು, ಕೈ ಚಾಚಿದರೆ ಮುರಿದ ಮರ, ತಂತಿ, ಬಂಡೆ. ಗೋವಾದಿಂದ ಡ್ರೆಜ್ಜರ್ ತಂದ ಮೇಲೆ, ಸೆಪ್ಟೆಂಬರ್ 25ರಂದು ಆ ಲಾರಿ ಮೇಲೆ ಬಂತು. ಚಾಲಕನ ದೇಹ ಕ್ಯಾಬಿನ್ನಿನಲ್ಲೇ ಇತ್ತು. ನೀರಿನ ತಳದಲ್ಲಿ ಸಿಕ್ಕಿದ ವಾಹನಗಳ ಕಥೆಯನ್ನು ಕುತೂಹಲದಿಂದ ಓದುವ ನಾವು ಆ 71 ದಿನ ಮನೆಯವರು ಅನುಭವಿಸಿದ್ದನ್ನೂ ನೆನೆಯಬೇಕು.

ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನ, ಊರಲ್ಲೆಲ್ಲ ಧ್ವಜ ಏರಿತು. ಡ್ಯಾಮಿನ ಮೇಲೆ ಎಲಿಮೆಂಟ್ ಇಳಿಸುವ ಪ್ರಯತ್ನ ನಡೆಯಿತು. ಕೈಗೂಡಲಿಲ್ಲ. ಇಳಿಯುವ ದಾರಿಗೆ ಮೇಲಿನ ಹಳೆಯ ಕಬ್ಬಿಣದ ಕಟ್ಟಡವೇ ಅಡ್ಡ ಬಂತು. ಎಪ್ಪತ್ತು ವರ್ಷದ ಹಿಂದೆ ಆ ಗೇಟಿಗಾಗಿಯೇ ಕೂರಿಸಿದ್ದ ಕೌಂಟರ್ ವೇಟ್, ಅಡ್ಡ ತೊಲೆ, ನಡೆಯುವ ಹಾದಿ ಇವೆಲ್ಲದರ ನಡುವೆ ಅರವತ್ತು ಅಡಿಯ ಪಟ್ಟಿಯನ್ನು ನುಸುಳಿಸಬೇಕು. ಕೆಳಗೆ ಜಲರಾಶಿ ಗುಡುಗುತ್ತಿತ್ತು. ಟಿವಿ ಕ್ಯಾಮೆರಾಗಳು ಒಂದೇ ಸಮನೆ ತೋರಿಸುತ್ತಿದ್ದವು. ಇದಾಗದ ಕೆಲಸ ಎಂದು ಗೊಣಗಿದವರೂ ಇದ್ದರು. ಕಾರ್ಮಿಕರು ಗ್ಯಾಸ್ ಕಟರ್ ಹಿಡಿದು ಅಡ್ಡಿಗಳನ್ನು ಕತ್ತರಿಸಲು ಕೂತರು. ಕತ್ತರಿಸಿದ ತುಂಡು ಎಲ್ಲಿ ಬೀಳುತ್ತದೆ, ಯಾರ ಮೇಲೆ ಜಾರುತ್ತದೆ ಎಂಬುದನ್ನು ನೋಡಿಕೊಂಡೇ ಕತ್ತರಿಸಬೇಕು. ಕಾಲಿನಡಿ ತೊಯ್ದ ಕಬ್ಬಿಣ, ಅದರಡಿ ಹೊಳೆ.

ಮಾರನೇ ದಿನ, ಆಗಸ್ಟ್ 16, ವರಮಹಾಲಕ್ಷ್ಮಿ ವ್ರತ. ಹೊಸಪೇಟೆಯ ಮನೆಗಳಲ್ಲಿ ಕಲಶಕ್ಕೆ ಸೀರೆ ಉಡಿಸಿ ಪೂಜೆ ನಡೆದಿತ್ತು. ಡ್ಯಾಮಿನ ಮೇಲೆ ಕ್ರೇನುಗಳು ಮತ್ತೆ ಕತ್ತೆತ್ತಿದವು. ಹತ್ತು ಟನ್ನಿಗೂ ಮೀರಿದ ಎಲಿಮೆಂಟ್ ನೆಲ ಬಿಟ್ಟಿತು. ಗಾಳಿಗೆ ಒಂದಿಷ್ಟು ವಾಲಿದರೂ ತುದಿಗಳು ಅಡಿಗಟ್ಟಲೆ ತೂಗುತ್ತವೆ. ನೀರಿನ ಮೊರೆತದಲ್ಲಿ ಪಕ್ಕದವನ ಕೂಗೂ ಕೇಳದು, ಎಲ್ಲವೂ ಕೈಸನ್ನೆಯಲ್ಲಿ. ಸೊಂಟಕ್ಕೆ ಹಗ್ಗ, ಮೈಗೆ ಲೈಫ್ ಜಾಕೆಟ್ಟು. ಎರಡೂ ತುದಿ ಒಂದೇ ಸಲ ಗ್ರೂವಿಗೆ ಸೇರಬೇಕು. ಒಂದು ಮುಂಚೆ ಒಂದು ಆಮೇಲೆ ಆಯಿತೋ, ಸಿಕ್ಕಿಕೊಂಡಿತೆಂದೇ ಅರ್ಥ.

ಸೇರಿತು. ಇಳಿಯತೊಡಗಿತು. ಅಲ್ಲಿಂದ ನಿಜವಾದ ಪರೀಕ್ಷೆ. ಎಲಿಮೆಂಟಿನ ಕೆಳಅಂಚು ನೀರು ಮುಟ್ಟಿದೊಡನೆ ಹೊಳೆ ಅದನ್ನು ಹಿಡಿಯಿತು. ಹರಿವು ಪಟ್ಟಿಯನ್ನು ಮುಂದಕ್ಕೆ ದೂಡುತ್ತದೆ, ದೂಡಿದಷ್ಟೂ ಅದು ಗ್ರೂವಿನ ಗೋಡೆಗೆ ಒತ್ತುತ್ತದೆ, ಒತ್ತಿದಷ್ಟೂ ಉಜ್ಜಾಟ ಹೆಚ್ಚಿ ಇಳಿಯುವುದು ನಿಧಾನವಾಗುತ್ತದೆ. ಮೇಲಿನಿಂದ ಹೊಡೆದು ಇಳಿಸಲು ಸಾಧ್ಯವಿಲ್ಲ, ತನ್ನ ತೂಕದ ಬಲದಿಂದಲೇ ಅದು ಇಳಿಯಬೇಕು. ಕೆಳಗಿನ ಸಂದಿ ಕಿರಿದಾದಂತೆ ಅದರಲ್ಲಿ ನುಗ್ಗುವ ನೀರಿನ ವೇಗ ಏರುತ್ತದೆ. ಇಡೀ ಉಕ್ಕು ನಡುಗುತ್ತದೆ, ಆ ನಡುಕ ಸ್ಲಿಂಗಿನ ತಂತಿಹಗ್ಗದ ಗುಂಟ ಕ್ರೇನಿನವರೆಗೂ ಏರುತ್ತದೆ. ಕ್ರೇನ್ ಆಪರೇಟರ್ ಒಬ್ಬ ಬೆದರಿ ಕೈಯನ್ನು ಒಂದಿಷ್ಟು ಹೆಚ್ಚು ಸಡಿಲ ಮಾಡಿದ್ದರೂ ಸಾಕಿತ್ತು. ಅವರ ಕೈ ನಡುಗಲಿಲ್ಲ. ಮೊದಲ ಎಲಿಮೆಂಟ್ 1613 ಅಡಿಯ ಕಲ್ಲಿನ ನೆತ್ತಿಯ ಮೇಲೆ ಕೂತಿತು.

ಹೊಳೆಯ ಸದ್ದು ತಗ್ಗಿತು. ಡ್ಯಾಮಿನ ಮೇಲೆ ಕೂಗು ಎದ್ದಿತು, ಅಪ್ಪಿಕೊಂಡರು, ಅತ್ತರು. ಆ ರಾತ್ರಿ ಟಿವಿ ನೋಡುತ್ತ ಕೂತಿದ್ದ ಕಂಪ್ಲಿ, ಕುರುಗೋಡು, ಸಿರುಗುಪ್ಪದ ರೈತರ ಮನೆಗಳಲ್ಲೂ ಅದೇ ನಡೆದಿರಬೇಕು. 17ರಂದು ಉಳಿದ ಎಲಿಮೆಂಟುಗಳು ಒಂದರ ಬೆನ್ನಿಗೆ ಒಂದು ಇಳಿದವು. ಒಂದೊಂದು ಕೂತಾಗಲೂ ಕಂಡಿ ನಾಲ್ಕು ಅಡಿ ಕಿರಿದಾಯಿತು. ಶನಿವಾರ ರಾತ್ರಿ ಚೈನ್ ತುಂಡಾಗಿತ್ತು, ಮರು ಶನಿವಾರ ರಾತ್ರಿಯ ಹೊತ್ತಿಗೆ ಬಾಯಿ ಮುಚ್ಚಿತು. ಜಲಾಶಯದಲ್ಲಿ ಸುಮಾರು 70 ಟಿಎಂಸಿ ಉಳಿದಿತ್ತು. ಭತ್ತ ಉಳಿಯಿತು.

ಕನ್ನಯ್ಯ ನಾಯ್ಡು ಅವರ ಹೆಸರು ನಾಡೆಲ್ಲ ಹರಡಿದ್ದು ಸರಿಯಾಗಿಯೇ ಇದೆ. ಹಗ್ಗ ಕಟ್ಟಿಕೊಂಡು ತೊಲೆಯ ಮೇಲೆ ಕೂತವರು, ಶೆಡ್ಡಿನಲ್ಲಿ ಕಣ್ಣು ಕೆಂಪಾಗುವವರೆಗೆ ವೆಲ್ಡಿಂಗ್ ಮಾಡಿದವರು, ಕ್ರೇನಿನ ಗಾಜಿನ ಗೂಡಿನಲ್ಲಿ ಬೆವರಿದವರು ಇವರ ಹೆಸರುಗಳನ್ನೂ ಡ್ಯಾಮಿನ ಕಲ್ಲಿನ ಮೇಲೆ ಕೆತ್ತಬೇಕೆಂಬುದು ನನ್ನ ಆಸೆ. ಲಕ್ಷಾಂತರ ಎಕರೆಯ ಬೆಳೆ ಉಳಿಸಿದವರು ಅವರು.

ಮಲೆನಾಡಿನಲ್ಲಿ ಮಳೆ ಮತ್ತೆ ಹಿಡಿಯಿತು. ತುಂಗೆಯೂ ಭದ್ರೆಯೂ ತುಂಬಿ ಬಂದವು. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೊಮ್ಮೆ ಭರ್ತಿಯಾಗಿ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೊಸಪೇಟೆಗೆ ಬಂದು ಬಾಗಿನ ಬಿಟ್ಟರು, ದುಡಿದವರನ್ನು ಸನ್ಮಾನಿಸಿದರು. ಐದು ಎಲಿಮೆಂಟುಗಳ ಆ ತಾತ್ಕಾಲಿಕ ಗೋಡೆ ತುಂಬಿದ ಜಲಾಶಯವನ್ನು ಹಿಡಿದು ನಿಂತಿತು.

ಆದರೆ 19ನೇ ಗೇಟಿನ ಅಕ್ಕಪಕ್ಕದವಕ್ಕೂ ಅಷ್ಟೇ ವಯಸ್ಸಾಗಿತ್ತು. ಪರಿಶೀಲಿಸಿದ ತಜ್ಞರು 33 ಗೇಟುಗಳನ್ನೂ ಬದಲಿಸಬೇಕೆಂದರು. 2025ರ ಮಳೆಗಾಲದಲ್ಲಿ ಇನ್ನೂ ಕೆಲವು ಗೇಟುಗಳು ಎತ್ತಿಳಿಸುವ ಸ್ಥಿತಿಯಲ್ಲಿಲ್ಲವೆಂದು ಗೊತ್ತಾಯಿತು. ಆ ವರ್ಷ ಒಳಹರಿವು ಧಾರಾಳವಾಗಿದ್ದರೂ ಜಲಾಶಯವನ್ನು 80 ಟಿಎಂಸಿಯ ಆಸುಪಾಸಿಗೇ ನಿಲ್ಲಿಸಿದರು. ಹೊಸ ಗೇಟು ಕೂರಿಸಬೇಕಾದರೆ ನೀರು 1613 ಅಡಿಗಿಂತ ಕೆಳಗಿರಬೇಕು. ಬೇಸಿಗೆಯ ಬೆಳೆಗೆ ನೀರು ಬಿಡುತ್ತ ಕೂತರೆ ಹೇಳಿದ ಹೊತ್ತಿಗೆ ಕೆಲಸ ಮುಗಿಯದು. ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಕಂಪ್ಲಿಯ ಕಡೆ ಬೇಸಿಗೆ ಭತ್ತವೆಂದರೆ ಮಗಳ ಮದುವೆ, ಮಗನ ಫೀಸು, ಸೊಸೈಟಿಯ ಸಾಲದ ಕಂತು. ರೈತರು ಸಿಟ್ಟಾದರು, ಬೀದಿಗಿಳಿದರು, ಪರಿಹಾರ ಕೇಳಿದರು. ಗೇಟು ಬೇಡವೆಂದು ಮಾತ್ರ ಯಾರೂ ಅನ್ನಲಿಲ್ಲ.